ಮಟಮಟ ಮಧ್ಯಾಹ್ನದ ಸದ್ದು

ಮೂರ್ನಾಲ್ಕು ವರ್ಷಗಳ ಹಿಂದೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಮಳೆ ಹುಚ್ಚು ಹಿಡಿದಂತೆ ಸುರಿಯಿತಲ್ಲ, ಆ ವರ್ಷದ ಚಳಿಗಾಲದಲ್ಲಿ ನಡೆದದ್ದು ಇದು. ನಾನು ಹುಟ್ಟಿದಾಗಿನಿಂದ ತುಂಬಿದ್ದನ್ನೇ ನೋಡದ ಕೆರೆಗಳು ಕೋಡಿ ಹರಿದಿದ್ದವು. ಜನ ಮೊದಮೊದಲು ಕೋಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಹಳ್ಳಿಗಳಲ್ಲಿ ನೆಲದೊಳಗಿಂದ ಸದ್ದು ಬರತೊಡಗಿತು. ಫೋಟೋದ ಹುರುಪು ಅಲ್ಲಿಗೆ ಇಳಿಯಿತು.

ನನ್ನ ಕೆಲಸದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಹೆಸರು ಸುಜಾತ, ಊರು ಶಿಡ್ಲಘಟ್ಟ, ಓದಿದ್ದು ಭೂವಿಜ್ಞಾನ. ಅಣು ವಿದ್ಯುತ್ ಸ್ಥಾವರ ಕಟ್ಟುವ ಮೊದಲು ಆ ಜಾಗದಲ್ಲಿ ಎಷ್ಟು ಜೋರಾಗಿ ಭೂಮಿ ನಡುಗಬಹುದು ಎಂದು ಲೆಕ್ಕ ಹಾಕಿಕೊಡುವ ಕಚೇರಿಯೊಂದರಲ್ಲಿ ಕೆಲಸ. ಮದುವೆಮನೆಯಲ್ಲಿ ಯಾರಾದರೂ ಕೇಳಿದರೆಂದು ನಾನು ಇದನ್ನು ಹೇಳಿದರೆ, "ಓ, ಹೌದಾ" ಎಂದು ಊಟಕ್ಕೆ ಬೇರೆ ಸಾಲಿನಲ್ಲಿ ಹೋಗಿ ಕೂರುತ್ತಾರೆ. ಅಣು, ಭೂಕಂಪ ಎರಡೂ ಒಬ್ಬಳ ಬಾಯಲ್ಲೇ ಬಂದರೆ ಪಕ್ಕದಲ್ಲಿ ಕೂರುವವರಾದರೂ ಯಾರು?

ಕೆಲಸವೇನೋ ತಣ್ಣಗಿನದೇ. ಸ್ಥಾವರದ ಜಾಗದ ಸುತ್ತ ನೂರಾರು ಕಿಲೋಮೀಟರಿನೊಳಗೆ ಹಿಂದೆ ಎಲ್ಲೆಲ್ಲಿ ನೆಲ ನಡುಗಿದೆ ಎಂದು ಕಲೆಹಾಕಬೇಕು. ಯಂತ್ರದ ದಾಖಲೆ ಇದ್ದರೆ ಸರಿ, ಇಲ್ಲದ ಕಾಲದ್ದಕ್ಕೆ ಜನರ ನೆನಪೇ ಗತಿ. ಪಾತ್ರೆ ಉರುಳಿತೇ, ಗೋಡೆ ಬಿರುಕು ಬಿಟ್ಟಿತೇ, ಮಲಗಿದವರಿಗೆ ಎಚ್ಚರವಾಯಿತೇ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಅದನ್ನೆಲ್ಲ ಒಟ್ಟು ಮಾಡಿ, ತೀರಾ ಕೆಟ್ಟದ್ದೆಂದರೆ ಇಷ್ಟು ನಡುಗೀತು ಎಂದು ಒಂದು ಅಂಕಿ ಕೊಡುತ್ತೇವೆ. ಎಂಜಿನಿಯರುಗಳು ಗೋಡೆ, ಕೊಳವೆ, ಪಂಪು ಎಲ್ಲವನ್ನೂ ಆ ನಡುಕ ತಡೆಯುವಂತೆ ಕಟ್ಟುತ್ತಾರೆ. ಸ್ಥಾವರವನ್ನು ನಿಲ್ಲಿಸಿದ ಮೇಲೂ ಅದರ ಒಳಗಿನ ಕಾವು ಬೇಗ ಆರುವುದಿಲ್ಲ, ನೀರು ಹರಿಸುತ್ತಲೇ ಇರಬೇಕು. ಅದಕ್ಕೇ ಅಷ್ಟು ಜೋಪಾನ.

ಈ ಕೆಲಸದಲ್ಲಿ ನಮಗೆ ದೊಡ್ಡ ತಲೆನೋವೆಂದರೆ ಕಲ್ಲು ಕ್ವಾರಿಗಳು. ಬಂಡೆ ಸಿಡಿಸಿದರೆ ಅದು ಯಂತ್ರಕ್ಕೆ ಸಣ್ಣ ಭೂಕಂಪದಂತೆಯೇ ಕಾಣುತ್ತದೆ. ದೊಡ್ಡದಾದರೆ ಅಲೆಯ ರೂಪ ನೋಡಿ ಬೇರೆ ಮಾಡಬಹುದು. ತೀರಾ ಸಣ್ಣದಾದರೆ ಗಡಿಯಾರ ನೋಡುತ್ತೇವೆ. ನಮ್ಮ ಕಡೆ ಕ್ವಾರಿ ಸಿಡಿಸುವುದು ಮಧ್ಯಾಹ್ನ ಊಟದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಕ್ವಾರಿ ಇರುವ ಕಡೆಯಿಂದ ಸಣ್ಣ ನಡುಕ ಬಂದರೆ ಅದು ಸಿಡಿತ ಎಂದು ತೆಗೆದು ಪಕ್ಕಕ್ಕಿಡುವುದು ನಮ್ಮ ಕಚೇರಿಯ ರೂಢಿ.

ಸದ್ದಿನ ಸುದ್ದಿ ಹಬ್ಬಿದಾಗ ನಮ್ಮ ಮೇಲಿನವರು, "ನಿಮ್ಮೂರ ಕಡೆನೇ ಅಲ್ವಾ ಮೇಡಂ, ನೀವೇ ಹೋಗಿ ಬನ್ನಿ" ಎಂದರು. ಆಗ ನಾವು ಲೆಕ್ಕ ಹಾಕುತ್ತಿದ್ದ ಸ್ಥಾವರ ತುಂಬ ದೂರದ್ದಾದರೂ ನಮ್ಮ ಜಿಲ್ಲೆ ಅದರ ಸುತ್ತಿನೊಳಗೆ ಬರುತ್ತಿತ್ತು. ನಾನು ಸಾದಲಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ ನಾರಾಯಣಮ್ಮನ ಮನೆಯಲ್ಲಿ ಉಳಿದುಕೊಳ್ಳುವುದೆಂದು ಹೊರಟೆ. ಚಿಕ್ಕಮ್ಮ, ಚಿಕ್ಕಪ್ಪ ಮುನಿಯಪ್ಪ ಇಬ್ಬರೂ ರೇಷ್ಮೆ ಹುಳು ಸಾಕುತ್ತಾರೆ. ಮಗಳು ಚಿಂತಾಮಣಿಯ ಶಾಲೆಯೊಂದರಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ.

ಸಂಜೆ ಹೋಗಿ ಇಳಿದರೆ ಊರಿನ ಅರ್ಧ ಜನ ಶಾಲೆಯ ಬಯಲಿನಲ್ಲಿದ್ದರು. ಟಾರ್ಪಾಲು ಕಟ್ಟಿ, ಚಾಪೆ ಹಾಸಿ, ಮಕ್ಕಳಿಗೆ ಟೋಪಿ ಸ್ವೆಟರು ತೊಡಿಸಿ ಮಲಗುವ ಸಿದ್ಧತೆ ನಡೆಸಿದ್ದರು. ರಾತ್ರಿ ಯಾರೂ ಮನೆಯೊಳಗೆ ಮಲಗುತ್ತಿರಲಿಲ್ಲ. ನಾನು ಅಲ್ಲಿ ಇಲ್ಲಿ ಕೂತು ಸದ್ದು ಎಲ್ಲಿಂದ ಬಂತು ಎಂದು ಕೇಳಿದೆ. ಒಬ್ಬಾಕೆ, "ನಮ್ಮ ಅಡುಗೆಮನೆ ಕೆಳಗಿಂದಮ್ಮ" ಎಂದಳು. ಊರಿನ ಇನ್ನೊಂದು ತುದಿಯವನು, "ಇಲ್ಲ ಮೇಡಂ, ನಾನು ಮಲ್ಗಿದ್ನಲ್ಲ, ಆ ಮಂಚದ ಕೆಳಗೇನೇ, ಯಾರೋ ಕೆಳಗಿಂದ ಬಾಗ್ಲು ಬಡಿದಂಗೆ" ಎಂದ. ಕೇಳಿದವರೆಲ್ಲರೂ ಹೀಗೇ, ಅವರವರ ಮನೆಯ ನೇರ ಕೆಳಗಿನಿಂದಲೇ ಬಂತು ಎಂದರು. ಹಾಗನ್ನಿಸುವುದು ಸಹಜ ಎಂದು ನನಗೆ ಗೊತ್ತು. ಆದರೂ ಒಬ್ಬರಾದ ಮೇಲೆ ಒಬ್ಬರು ಒಂದೇ ಮಾತು ಹೇಳುತ್ತಿದ್ದರೆ ಕೂತ ಜಾಗದಿಂದ ಕಾಲು ಮೇಲಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು.

ಚಿಕ್ಕಮ್ಮನ ಮನೆಯ ಹಿಂದೆ ಒಂದು ಬತ್ತಿದ ಬೋರ್‌ವೆಲ್ ಇತ್ತು. ಮಳೆಯಾದ ಮೇಲೆ ಅದರ ಬಾಯಿಂದ ಗಾಳಿ ಬರತೊಡಗಿತ್ತು. ಮಕ್ಕಳು ಹೆದರುತ್ತವೆಂದು ಚಿಕ್ಕಪ್ಪ ಅದರ ಬಾಯಿಗೆ ಬಟ್ಟೆ ಕಟ್ಟಿದ್ದರು. ಬಟ್ಟೆ ನಿಧಾನವಾಗಿ ಉಬ್ಬುವುದು, ಸ್ವಲ್ಪ ಹೊತ್ತಾದ ಮೇಲೆ ತಗ್ಗುವುದು, ಮತ್ತೆ ಉಬ್ಬುವುದು. ಕೆಳಗೆ ನೀರು ಏರುತ್ತಿರುವಾಗ ಕೊಳವೆಯೊಳಗಿನ ಗಾಳಿ ಹೀಗೆ ಹೊರಬರುತ್ತದೆ, ಬೇರೇನೂ ಇಲ್ಲ ಎಂದು ಚಿಕ್ಕಪ್ಪನಿಗೆ ವಿವರಿಸಿದೆ.

"ಅಂಗಾ" ಎಂದರು ಚಿಕ್ಕಪ್ಪ. "ಒಳ್ಳೇದಾಯ್ತು. ನಾನು ಯಾರೋ ಒಳಗೆ ಮಲ್ಗವ್ರೆ ಅಂದ್ಕೊಂಡಿದ್ದೆ."

ಅವರ ಬಾಯೇ ಹಾಗೆ. ನನ್ನನ್ನು ಕಂಡಾಗಲೆಲ್ಲ "ಬಾಮ್ಮ ಅಣುಬಾಂಬು" ಎಂದೇ ಕರೆಯುವುದು. ಬಾಂಬಿಗೂ ನನಗೂ ಸಂಬಂಧವಿಲ್ಲ, ವಿದ್ಯುತ್ ಸ್ಥಾವರ ಬೇರೆ ಎಂದು ಎಷ್ಟೋ ಸಲ ಜಗಳವಾಡಿದ್ದೇನೆ, ಪ್ರಯೋಜನವಾಗಿಲ್ಲ.

ಆದರೆ ಆ ಮನೆಯನ್ನು ನೋಡಿದಾಗ ಮಾತ್ರ ನನಗೆ ತಮಾಷೆ ಹೊಳೆಯಲಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಂತೆ ಅದೂ ಕಲ್ಲು ಚಪ್ಪಡಿಯ ಮನೆ. ಮಣ್ಣಿನಲ್ಲಿ ಕಟ್ಟಿದ ಗೋಡೆ, ಅದರ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಉದ್ದುದ್ದ ಕಲ್ಲು ಚಪ್ಪಡಿಗಳನ್ನು ಸಾಲಾಗಿ ಹೊದಿಸಿದ ಮಾಳಿಗೆ. ಚಪ್ಪಡಿಯನ್ನು ಗೋಡೆಗೆ ಹಿಡಿದಿಡುವುದು ಅದರ ಭಾರ ಒಂದೇ. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ನೆಲ ನಡುಗಿದರೆ ಮಾತ್ರ ಅದರ ಕೆಳಗೆ ಇರಬಾರದು. ಚಿಕ್ಕಮ್ಮನ ಹುಳುಗಳು ಅದರ ಕೆಳಗೇ ಇದ್ದವು.

ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಅಂಗಳದಲ್ಲೇ ಕೂತು ತಿಂದೆವು. ಚಿಕ್ಕಮ್ಮ ಸಾರು ಬಡಿಸುತ್ತಾ ನೇರವಾಗಿ ಕೇಳಿದರು.

"ಅಷ್ಟು ದೊಡ್ಡ ದೊಡ್ಡ ಕರೆಂಟ್ ಫ್ಯಾಕ್ಟರಿಗೆಲ್ಲ ಲೆಕ್ಕ ಆಕ್ತೀಯಲ್ಲಮ್ಮ ಸುಜಾತ, ಈ ಮನೆ ನಿಲ್ತದಾ ಇಲ್ವಾ ಹೇಳು."

ಸಣ್ಣಪುಟ್ಟ ನಡುಕಗಳಿವು, ಮಳೆನೀರು ಬಂಡೆಯ ಸಂದಿಗಳಿಗೆ ಇಳಿದಾಗ ಹೀಗಾಗುವುದುಂಟು, ದೊಡ್ಡದು ಬರುವ ಸಂಭವ ಕಡಿಮೆ ಎಂದೆ. ಆದರೆ ಚಪ್ಪಡಿ ನಂಬಬೇಡಿ, ಹುಳುಗಳನ್ನು ಬೇರೆ ಕಡೆ ಸಾಗಿಸಿಬಿಡಿ ಎಂದೆ.

"ಎಲ್ಲಿಗಮ್ಮ ಸಾಗಿಸಾದು?" ಎಂದರು ಚಿಕ್ಕಮ್ಮ. "ರೋಗದ ಭಯಕ್ಕೆ ಬೇರೆಯೋರ್ ಹುಳನ ಯಾರಾನಾ ಒಳಕ್ ಬಿಟ್ಕೊಂತಾರಾ? ನಾಲ್ಕನೇ ಜ್ವರ ಎದ್ದವೆ. ಇನ್ನು ಸ್ವಲ್ಪ ದಿನ, ಹಣ್ಣಾಗ್ಬುಡ್ತವೆ. ರಾತ್ರಿ ಹೆಂಗೂ ಆಚೆ ಮಲಗ್ತೀವಿ. ಹಗಲೊತ್ತು ಏನಾಗ್ತದೆ? ಹಗಲೊತ್ತು ಬರಾದೆಲ್ಲ ಕ್ವಾರಿ ಸದ್ದೇ."

ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ, ಗೂಡು ಕಟ್ಟಲು ಸಿದ್ಧವಾಗುವುದನ್ನು ಹಣ್ಣಾಗುವುದು ಎನ್ನುತ್ತಾರೆ. ನಾಲ್ಕನೆಯದು ಮುಗಿದರೆ ಹುಳುಗಳಿಗೆ ಸಿಕ್ಕಾಪಟ್ಟೆ ಹಸಿವು. ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಲೇ ಇರಬೇಕು, ಅವು ಗೂಡು ಕಟ್ಟುವವರೆಗೆ ಮನೆಮಂದಿ ಅವುಗಳ ಆಳುಗಳೇ. ಈಗ ಬಿಟ್ಟುಬಿಡಿ ಎಂದರೆ ಯಾರು ಕೇಳುತ್ತಾರೆ? ಊರಿಗೆ ಊರೇ ಅದೇ ಲೆಕ್ಕದಲ್ಲಿತ್ತು. ಕತ್ತಲಾದರೆ ಎಲ್ಲರಿಗೂ ನೆಲದ ಭಯ, ಬೆಳಗಾದರೆ ಅದೇ ಚಪ್ಪಡಿಯ ಕೆಳಗೆ ಹೋಗಿ ಒಲೆ ಹಚ್ಚುವುದು, ಸೊಪ್ಪು ಹಾಕುವುದು. ರಾತ್ರಿಯ ಸದ್ದು ಭೂಮಿಯದು, ಮಧ್ಯಾಹ್ನದ ಸದ್ದು ಕ್ವಾರಿಯದು ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು.

ಮರುದಿನ ಬೆಳಗ್ಗೆ ದಟ್ಟ ಮಂಜು. ಪಕ್ಕದ ಎರಡು ಹಳ್ಳಿಗಳಿಗೆ ಆಟೊದಲ್ಲಿ ಹೋಗಿಬಂದೆ. ದಾರಿಯಲ್ಲಿ ಕ್ವಾರಿ ಸಿಗುತ್ತದೆ. ಅಲ್ಲಿನ ಲಾರಿಗಳೆಲ್ಲ ಸಾಲಾಗಿ ನಿಂತಿದ್ದವು, ಹಣೆಗೆ ಕುಂಕುಮ, ಚಕ್ರದ ಕೆಳಗೆ ಜಜ್ಜಿದ ನಿಂಬೆಹಣ್ಣು, ಗೇಟಿನ ಮುಂದೆ ಒಡೆದ ಬೂದುಗುಂಬಳ. ಆಟೊದವರು, "ಇವತ್ತು ಅಮಾಸೆ ಅಲ್ವಾ ಮೇಡಂ, ಪೂಜೆ ಮಾಡಿ ರಜಾ ಬಿಟ್ಟವ್ರೆ" ಎಂದರು. ನಾನು ಹೂಂ ಎಂದೆ. ನಮ್ಮ ಮನೆತನದಲ್ಲಿ ಅಮಾವಾಸ್ಯೆ ಆಚರಿಸುವವರಿಲ್ಲ, ಗೋಡೆಯ ಮೇಲೆ ಬುದ್ಧನ ಪಟ, ವರ್ಷಕ್ಕೊಮ್ಮೆ ವೈಶಾಖ ಹುಣ್ಣಿಮೆಗೆ ಪಾಯಸ, ಅಷ್ಟೇ. ಹಾಗಾಗಿ ಆ ಮಾತು ನನ್ನ ತಲೆಯಲ್ಲಿ ನಿಲ್ಲಲಿಲ್ಲ.

ವಾಪಸು ಬರುವಷ್ಟರಲ್ಲಿ ಊಟದ ಹೊತ್ತು. ಮಂಜು ಕರಗಿ ಮಟಮಟ ಬಿಸಿಲು. ಚಿಕ್ಕಮ್ಮ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ನಾನೂ ಕೈಕಾಲು ತೊಳೆದು, ಹೊಸ್ತಿಲಲ್ಲಿ ಹಾಕಿದ್ದ ಬ್ಲೀಚಿಂಗ್ ಪುಡಿ ತುಳಿದುಕೊಂಡು ಒಳಗೆ ಹೋದೆ.

ಹುಳುಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಹುಳು ಬೆದರುತ್ತವೆ ಎಂದು ಚಿಕ್ಕಮ್ಮನ ನಂಬಿಕೆ. ಒಳಗೆ ಹೋದರೆ ಎಲ್ಲರದ್ದೂ ಪಿಸುಮಾತೇ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದ್ದರಿಂದ ಹೊರಗೆ ಬಿಸಿಲಿದ್ದರೂ ಒಳಗೆ ಮಬ್ಬು. ಅಂತಸ್ತು ಅಂತಸ್ತಾಗಿ ಹಾಸಿದ ಹಿಪ್ಪುನೇರಳೆ ಕಡ್ಡಿಗಳ ಮೇಲೆ ಸಾವಿರಾರು ಹುಳುಗಳು ಸೊಪ್ಪು ಮೇಯುತ್ತಿದ್ದವು. ಆ ಮೇಯುವ ಸದ್ದನ್ನು ಕೇಳಿದವರಿಗೇ ಗೊತ್ತು, ತರಗೆಲೆಯ ಮೇಲೆ ತುಂತುರು ಬಿದ್ದಂತೆ ಎಡೆಬಿಡದೆ ಕೇಳುತ್ತಿರುತ್ತದೆ. ಸ್ವಲ್ಪ ಹೊತ್ತಾದರೆ ಕಿವಿ ಅದನ್ನು ಮರೆತುಬಿಡುತ್ತದೆ.

ಚಿಕ್ಕಪ್ಪ ಸೊಪ್ಪಿನ ಹೊರೆ ತಂದು ಒಳಬಾಗಿಲಲ್ಲಿ ಇಳಿಸಿದರು. ನಾನು ಕಡ್ಡಿ ಎತ್ತಿ ಚಿಕ್ಕಮ್ಮನ ಕೈಗೆ ಕೊಡುತ್ತಿದ್ದೆ. ಆಗ ನನಗೆ ಕಿವಿಯೇ ಕಟ್ಟಿಹೋದಂತಾಯಿತು. ಏನಾಯಿತೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಮೇಯುವ ಸದ್ದು ನಿಂತಿತ್ತು. ಒಂದು ಅಂತಸ್ತಿನದಲ್ಲ, ಇಡೀ ಮನೆಯದು. ಬಗ್ಗಿ ನೋಡಿದರೆ ಹುಳುಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಇದ್ದವು. ಅಷ್ಟು ಜೀವಗಳಿರುವ ಮನೆಯಲ್ಲಿ ಅಂಥ ಮೌನವನ್ನು ನಾನು ಹಿಂದೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಮರುಕ್ಷಣ ಕೆಳಗಿನಿಂದ ಢಬ್ ಎಂದು ಒಂದು ಸದ್ದು. ಸತ್ಯವಾಗಿ ಹೇಳುತ್ತೇನೆ, ನನಗೂ ಅದು ನನ್ನ ಪಾದದ ನೇರ ಕೆಳಗಿನಿಂದಲೇ ಬಂದಂತಿತ್ತು. ಚಪ್ಪಡಿಯ ಸಂದಿಯಿಂದ ಒಂದಿಷ್ಟು ಮಣ್ಣು ಸುರಿಯಿತು.

ಚಿಕ್ಕಮ್ಮ ತಲೆ ಎತ್ತಲಿಲ್ಲ. ಸೆರಗಿನಿಂದ ಹುಳುಗಳ ಮೇಲಿನ ಮಣ್ಣು ಒರೆಸುತ್ತಾ, "ಕ್ವಾರಿ ಕಣಮ್ಮ, ಹೆದರ್ಕೋಬೇಡ" ಎಂದು ಪಿಸುಗುಟ್ಟಿದರು. "ದಿನಾ ಈ ಹೊತ್ತಿಗೇ."

ನನಗೂ ಒಂದು ಗಳಿಗೆ ನೆಮ್ಮದಿಯಾಯಿತು. ಕಚೇರಿಯಲ್ಲಿ ಕೂತಿದ್ದರೆ ನಾನೂ ಗಡಿಯಾರ ನೋಡಿ ಅದನ್ನೇ ಹೇಳುತ್ತಿದ್ದೆ. ಇನ್ನೊಂದು ಕಡ್ಡಿ ಎತ್ತಲು ಬಗ್ಗಿದೆ. ಬಗ್ಗಿದಲ್ಲೇ ಆ ನಿಂತ ಲಾರಿಗಳು ಕಣ್ಣಿಗೆ ಬಂದವು.

"ಚಿಕ್ಕಮ್ಮ" ಎಂದೆ. ನನ್ನ ದನಿಯೂ ಪಿಸುಮಾತಾಗಿಯೇ ಬಂತು. "ಇವತ್ತು ಅಮಾವಾಸ್ಯೆ."

"ಇರ್ಲಿ, ಅದಕ್ಕೇನೀಗ?"

"ಕ್ವಾರಿ ರಜ ಚಿಕ್ಕಮ್ಮ. ನಾನೇ ನೋಡ್ಕೊಂಡು ಬಂದೆ."

ಚಿಕ್ಕಮ್ಮನ ಕೈ ಅಲ್ಲೇ ನಿಂತಿತು. ಒಳಬಾಗಿಲಲ್ಲಿದ್ದ ಚಿಕ್ಕಪ್ಪ ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಹಾಗಾದರೆ ಊರಿನವರು ಇಷ್ಟು ದಿನ ಮಧ್ಯಾಹ್ನದ ಹೊತ್ತು ಕೇಳಿದ್ದೆಲ್ಲ ಏನು ಎಂಬ ಪ್ರಶ್ನೆ ಮೂವರಿಗೂ ಒಟ್ಟಿಗೇ ಬಂದಿತ್ತು.

"ಆಚೆ ಹೋಗಣ" ಎಂದೆ. ಆಗಲೂ ಪಿಸುಮಾತೇ. ಈಗ ನೆನೆದರೆ ನಗು ಬರುತ್ತದೆ, ಪ್ರಾಣ ಹೋಗುವ ಹೊತ್ತಿನಲ್ಲಿ ಹುಳುಗಳು ಬೆದರಬಾರದೆಂದು ನಾನು ಮೆಲ್ಲಗೆ ಮಾತಾಡುತ್ತಿದ್ದೆ.

"ಈ ಒಂದ್ ಸಾಲು ಹಾಕ್ಬುಟ್ಟು ಬರ್ತೀನಿ" ಎಂದರು ಚಿಕ್ಕಮ್ಮ.

ನಾನು ಅವರ ರಟ್ಟೆ ಹಿಡಿದೆ. ಚಿಕ್ಕವಳಿದ್ದಾಗ ನನ್ನನ್ನು ಬಾವಿಯ ಹತ್ತಿರ ಹೋಗದಂತೆ ಅವರು ಹಿಡಿದೆಳೆಯುತ್ತಿದ್ದ ಹಾಗೆ ಎಳೆದೆ. ಕೈಯಲ್ಲಿದ್ದ ಸೊಪ್ಪು ಚೆಲ್ಲಿತು. "ಬುಡೇ, ಬುಡೇ" ಎನ್ನುತ್ತಲೇ ಬಂದರು. ಚಿಕ್ಕಪ್ಪ ಹಿಂದಿನಿಂದ ಅವರನ್ನು ನೂಕಿದರು. ಮೂವರೂ ಅಂಗಳ ದಾಟಿ ಬೀದಿಗೆ ಬಂದು ನಿಂತೆವು. ಬಿಸಿಲಿನಲ್ಲಿ ಬೀದಿ ಖಾಲಿಯಿತ್ತು. ಊರಿನವರೆಲ್ಲ ತಮ್ಮ ತಮ್ಮ ಮನೆಯೊಳಗೆ ಉಣ್ಣುತ್ತಿದ್ದರು. ಯಾರೊಬ್ಬರೂ ಹೊರಗೆ ಬಂದಿರಲಿಲ್ಲ, ಎಲ್ಲರಿಗೂ ಅದು ಕ್ವಾರಿಯೇ. ನಾನು ಬೀದಿಯಲ್ಲಿ ನಿಂತು ಕಿರುಚಿದೆ, ಆಚೆ ಬನ್ನಿ, ಇದು ಕ್ವಾರಿ ಅಲ್ಲ ಎಂದು. ಒಬ್ಬಿಬ್ಬರು ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು, ಈಕೆಗೇನಾಯಿತು ಎನ್ನುವಂತೆ ನೋಡಿದರು.

ಎರಡನೆಯದಕ್ಕೆ ಸದ್ದು ಇರಲಿಲ್ಲ. ಕಾಲಿಗೆ ಮಾತ್ರ ಗೊತ್ತಾಯಿತು, ನಿಂತ ಬಸ್ಸಿನಲ್ಲಿ ಎಂಜಿನ್ ಹಚ್ಚಿದರೆ ಕಾಲಿಗೆ ತಗಲುವಷ್ಟೇ ಒಂದು ಅದುರು. ಅದು ನಿಂತಿತು. ಏನೂ ಆಗಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮನ ಮನೆಯೊಳಗಿನಿಂದ ಕಲ್ಲಿಗೆ ಕಲ್ಲು ತೀಡುವ ದನಿ ಬಂತು, ಆಮೇಲೆ ದೊಪ್ಪೆಂದು ಬಿದ್ದ ಸದ್ದು, ಬಾಗಿಲಿನಿಂದ ಧೂಳು.

"ಹುಳ" ಎಂದು ಚಿಕ್ಕಪ್ಪ ಒಳಗೆ ನುಗ್ಗಲು ಹೋದರು. ನಾನು ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಗುಂಡಿ ಕಿತ್ತುಬಂದವು, ಬಿಡಲಿಲ್ಲ.

ತುಂಬ ಹೊತ್ತಾದ ಮೇಲೆ ಬಾಗಿಲಲ್ಲಿ ನಿಂತು ಇಣುಕಿದೆವು. ಒಂದು ಚಪ್ಪಡಿಯ ಈ ತುದಿ ಗೋಡೆಯಿಂದ ಜಾರಿ ಕೆಳಗೆ ಬಂದಿತ್ತು. ಆ ತುದಿ ಇನ್ನೂ ಗೋಡೆಯ ಮೇಲೇ ಇತ್ತು. ಚಿಕ್ಕಮ್ಮ ಒಂದು ಸಾಲು ಹಾಕಿಬಿಟ್ಟು ಬರುತ್ತೇನೆ ಎಂದಿದ್ದರಲ್ಲ, ಅದೇ ಸಾಲಿನ ಮೇಲೆ ಅದು ಬಿದ್ದಿತ್ತು. ಮಾಳಿಗೆಯ ಆ ಖಾಲಿ ಜಾಗದಿಂದ ಬಿಸಿಲಿನ ಕೋಲು ಒಳಗೆ ಇಳಿದಿತ್ತು. ಮಿಕ್ಕ ಅಂತಸ್ತುಗಳಲ್ಲಿ ಹುಳುಗಳು ಇನ್ನೂ ತಲೆ ಎತ್ತಿಕೊಂಡೇ ಇದ್ದವು. ನಾವು ನೋಡುತ್ತಿರುವಂತೆಯೇ ಎಲ್ಲೋ ಒಂದು ಮೂಲೆಯಲ್ಲಿ ಮೇಯುವ ಸದ್ದು ಶುರುವಾಯಿತು, ನಿಧಾನವಾಗಿ ಮನೆಯೆಲ್ಲ ಹಬ್ಬಿತು. ಪಕ್ಕದಲ್ಲಿ ಸಾವಿರಾರು ಹುಳು ಅಪ್ಪಚ್ಚಿಯಾಗಿವೆ, ಇವು ಮತ್ತೆ ಮೇಯುತ್ತಿವೆ. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ನಾನೂ ಕೂತು ಅತ್ತೆ.

ಆ ಸಂಜೆ ಊರಿನವರು ತಾವು ಮಲಗುತ್ತಿದ್ದ ಟಾರ್ಪಾಲಿನ ಅರ್ಧ ಭಾಗವನ್ನು ಉಳಿದ ಹುಳುಗಳಿಗೆ ಬಿಟ್ಟುಕೊಟ್ಟರು. ಜನ ಒಂದು ಕಡೆ, ಹುಳು ಒಂದು ಕಡೆ. ಅಂದಿನಿಂದ ಅಡುಗೆಯೂ ಬಯಲಿನಲ್ಲೇ ಆಯಿತು.

ಸ್ವಲ್ಪ ದಿನ ಕಳೆದು ಮನೆಯ ಚಪ್ಪಡಿಗಳನ್ನು ಇಳಿಸುವಾಗ ನಾನು ರಜೆ ಹಾಕಿ ಹೋಗಿದ್ದೆ. ಅಂದು ಕಂಡದ್ದೇ ನನಗೆ ಇವತ್ತಿಗೂ ಕನಸಿನಲ್ಲಿ ಬರುವುದು. ಪ್ರತಿ ಬೆಳೆಗೂ ಮೊದಲು ಹುಳುಮನೆಗೆ ಒಳಗಿನಿಂದ ಪೂರ್ತಿ ಸುಣ್ಣ ಬಳಿಯುತ್ತಾರೆ, ರೋಗ ಬರದಿರಲೆಂದು. ಗೋಡೆಯ ಜೊತೆಗೆ ಚಪ್ಪಡಿಯ ಅಡಿಗೂ ಬಳಿಯುತ್ತಾರೆ. ಗೋಡೆಯ ಮೇಲೆ ಕೂತಿರುವ ತುದಿಗೆ ಮಾತ್ರ ಸುಣ್ಣ ತಾಗುವುದಿಲ್ಲ, ಅದು ಬರೀ ಕಲ್ಲಾಗಿಯೇ ಇರಬೇಕು. ಇಳಿಸಿದ ಚಪ್ಪಡಿಗಳನ್ನು ಮಗುಚಿ ನೋಡಿದರೆ ತುದಿಯ ಹತ್ತಿರ ಪಟ್ಟೆ ಪಟ್ಟೆ. ನಡುವೆ ದಪ್ಪ ಸುಣ್ಣ, ಅದರಾಚೆ ಸ್ವಲ್ಪ ತೆಳು ಸುಣ್ಣದ ಒಂದು ಪಟ್ಟೆ, ಅದರಾಚೆ ಇನ್ನೂ ತೆಳು, ಹೀಗೇ. ಕೊನೆಗೆ ಬರಿಗಲ್ಲು ಉಳಿದಿದ್ದು ಎರಡು ಬೆರಳಿನಷ್ಟು. ಅಂದರೆ ಚಪ್ಪಡಿಗಳು ಅಂದು ಒಂದೇ ದಿನ ಜಾರಿದ್ದಲ್ಲ. ಬೆಳೆಯಿಂದ ಬೆಳೆಗೆ, ಚೂರು ಚೂರೇ, ಗೋಡೆ ಬಿಟ್ಟು ಮನೆಯೊಳಕ್ಕೆ ಜಾರುತ್ತಿದ್ದವು. ಮಳೆಗೆ ನೆನೆದ ಗೋಡೆ ವಾಲಿದ್ದೂ ಇರಬಹುದು, ಕ್ವಾರಿಯ ಸಿಡಿತವೂ ಇರಬಹುದು, ನೆಲವೂ ಇರಬಹುದು. ಯಾವುದು ಎಷ್ಟು ಎಂದು ಬೇರೆ ಮಾಡಲು ನನ್ನಿಂದಾಗಲಿಲ್ಲ. ಪಟ್ಟೆಗಳನ್ನು ಎಣಿಸಲು ಶುರುಮಾಡಿ ನಡುವೆ ಬಿಟ್ಟುಬಿಟ್ಟೆ.

ಚಿಕ್ಕಮ್ಮ ಬಗ್ಗಿ ಆ ಪಟ್ಟೆಗಳ ಮೇಲೆ ಕೈಯಾಡಿಸಿದರು.

"ಪ್ರತಿ ಸಲಾನೂ ನಾನೇ ಅಲ್ವೇನಮ್ಮ ಸುಣ್ಣ ಬಳ್ದಿದ್ದು" ಎಂದರು. "ಕಪ್ಪಗೆ ಕಲ್ಲು ಕಾಣ್ತಾ ಇತ್ತು. ಹೋದ್ಸಲ ಬಿಟ್ಟೋಗದೆ ಅಂತ ಅದರ ಮೇಲೂ ಬಳ್ದೆ. ನಮ್ಮನೆ ನಂಗೆ ಹೇಳ್ತಾನೇ ಇತ್ತು. ನಾನೇ ಬಳ್ದು ಬಳ್ದು ಮುಚ್ಚಿದೀನಿ."

ಚಿಕ್ಕಮ್ಮನ ಕೈ ಆ ಕಲ್ಲಿನ ಮೇಲೆ ಬಹಳ ಹೊತ್ತು ಇತ್ತು.

ಕಚೇರಿಗೆ ವಾಪಸಾದ ಮೇಲೆ ನಾನು ಒಂದು ಪಂಚಾಂಗ ಕೊಂಡುಕೊಂಡು ಹೋದೆ. ಕ್ವಾರಿ ಎಂದು ಪಕ್ಕಕ್ಕಿಟ್ಟಿದ್ದ ನಮ್ಮ ಕಡೆಯ ಮಧ್ಯಾಹ್ನದ ನಡುಕಗಳನ್ನೆಲ್ಲ ಮತ್ತೆ ತೆಗೆದು, ಕ್ವಾರಿಗೆ ರಜೆ ಇರುವ ಅಮಾವಾಸ್ಯೆಯ ದಿನಗಳನ್ನು ಹುಡುಕಿದೆ. ಜೊತೆಯವರು ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಅಮಾವಾಸ್ಯೆಯ ಮಧ್ಯಾಹ್ನಗಳಲ್ಲೂ ನೆಲ ಅದುರಿತ್ತು. ಅಂಥ ನಡುಕಗಳು ಹೆಚ್ಚೇನಿಲ್ಲ, ಆದರೆ ಇದ್ದವು. ಅಷ್ಟು ದೂರದ ಸ್ಥಾವರದ ಅಂಕಿ ಅದರಿಂದ ಬದಲಾಗಲಿಲ್ಲ, ಬದಲಾಗುವಷ್ಟು ದೊಡ್ಡ ನಡುಕಗಳೂ ಅವಲ್ಲ. ಆದರೆ ಅಂದಿನಿಂದ ಯಾವುದನ್ನಾದರೂ ಪಕ್ಕಕ್ಕಿಡುವ ಮೊದಲು ನನ್ನ ಕೈ ತಡೆಯುತ್ತದೆ. ನಾವು ಒಂದು ಅಂಕಿ ಕೊಡುತ್ತೇವೆ, ಅದನ್ನು ನಂಬಿ ಯಾರೋ ಒಬ್ಬರು ಆ ಗೋಡೆಯ ಒಳಗೆ ನಿಂತು ಪಂಪು ನೋಡಿಕೊಳ್ಳುತ್ತಿರುತ್ತಾರೆ. ಅವರ ಮುಖ ನನಗೆ ಗೊತ್ತಿಲ್ಲ. ಅವರ ಜಾಗದಲ್ಲಿ ನನಗೆ ಚಿಕ್ಕಮ್ಮನೇ ಕಾಣುತ್ತಾರೆ.

ಈಗ ನಾನಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಪಕ್ಕದಲ್ಲಿ ಸದಾ ಏನಾದರೂ ಒಡೆಯುತ್ತಿರುತ್ತಾರೆ, ಕಟ್ಟುತ್ತಿರುತ್ತಾರೆ. ಹಗಲು ಹೊತ್ತಿನಲ್ಲಿ ಢಬ್ ಎಂದರೆ ಸಾಕು, ಒಲೆ ಆರಿಸಿ ಮೆಟ್ಟಿಲಿಳಿದು ಬಯಲಿಗೆ ಬಂದು ನಿಲ್ಲುತ್ತೇನೆ. ಅದು ಏನಿರಬಹುದು ಎಂದು ಯೋಚಿಸುವುದು ಆಮೇಲೆ. ಮೇಲಿನ ಮನೆಯವರು ಬಾಲ್ಕನಿಯಲ್ಲಿ ನಿಂತು ನೋಡಿ ನಗುತ್ತಾರೆ. ನಗಲಿ ಬಿಡಿ.